ಇಲ್ಲರಿ, ತಂಬಾಕು ಮುಟ್ಟೂದಿಲ್ಲ

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೂತು ನನಗೆ ಸಾಕಾಗಿದೆ. ತವರು ಮತ್ತು ಗಂಡನ ಮನೆ ಎರಡೂ ಕಡೆ ಸೇರಿ ಓದಿದ ಹೆಂಗಸು ನಾನೊಬ್ಬಳೇ. ಹಾಗಾಗಿ ಯಾರಿಗೆ ಜ್ವರ ಬಂದರೂ, ಯಾರ ಕಾಲು ಮುರಿದರೂ, "ನೀ ಸಾಲಿ ಕಲತಾಕಿ, ನೀನ ಕರಕೊಂಡ ಹೋಗು" ಎನ್ನುವುದು ರೂಢಿಯಾಗಿಬಿಟ್ಟಿತ್ತು. ಕಲಿತದ್ದಕ್ಕೆ ಈ ಶಿಕ್ಷೆ ಎಂದು ಮೊದಲೇ ಗೊತ್ತಿದ್ದರೆ ತವರೂರು ಐನಾಪುರದಲ್ಲಿ ಎಮ್ಮೆ ಕಾಯ್ದುಕೊಂಡು ಇರುತ್ತಿದ್ದೆ. ಆದರೆ ಅಕ್ಕನ ವಿಷಯದಲ್ಲಿ ನಾನು ಬರೀ ಜೊತೆಗೆ ಹೋದವಳಲ್ಲ. ಡಾಕ್ಟರು ಕೇಳಿದ್ದನ್ನು ಅವಳಿಗೂ, ಅವಳು ಹೇಳಿದ್ದನ್ನು ಡಾಕ್ಟರಿಗೂ ದಾಟಿಸಿದವಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ, ಬರೆಯುವ ಉಮೇದೇನೂ ಇಲ್ಲ.

ಮೊದಲು ಮಿಶ್ರಿಯ ಬಗ್ಗೆ ಹೇಳಬೇಕು, ನಮ್ಮ ಕಡೆಯವರಲ್ಲದವರಿಗೆ ಅದು ತಿಳಿಯುವುದಿಲ್ಲ. ನಿಪ್ಪಾಣಿಯಿಂದ ತಂದ ತಂಬಾಕಿನ ಚೂರನ್ನು ಕಾದ ಹಂಚಿನ ಮೇಲೆ ಕಪ್ಪಗಾಗುವ ತನಕ ಹುರಿದು, ನುಣ್ಣಗೆ ಪುಡಿ ಮಾಡಿ ಡಬ್ಬಿಗೆ ತುಂಬಿಟ್ಟರೆ ಅದೇ ಮಿಶ್ರಿ. ಅವ್ವ ಹದಿನೈದು ದಿನಕ್ಕೊಮ್ಮೆ ಹುರಿಯುತ್ತಿದ್ದಳು. ಆ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿಕೊಂಡು ಅಂಗಳಕ್ಕೆ ಓಡುತ್ತಿದ್ದೆವು, ಅವಳೊಬ್ಬಳು ಕಣ್ಣಲ್ಲಿ ನೀರು ಸುರಿಸುತ್ತ ಸೌಟು ತಿರುವುತ್ತ ಕೂತಿರುತ್ತಿದ್ದಳು. ಎದ್ದ ಕೂಡಲೇ ಒಂದು ಸಲ, ಮಧ್ಯಾಹ್ನ ಉಂಡ ಮೇಲೆ ಒಂದು ಸಲ, ಸಂಜೆ ಒಂದು ಸಲ ಹೆಂಗಸರು ಹಿತ್ತಲಲ್ಲಿ ಕಾಲು ಚಾಚಿ ಕೂತು, ತೋರುಬೆರಳಿನಿಂದ ಹಲ್ಲಿಗೆ ವಸಡಿಗೆ ಅದನ್ನು ತಿಕ್ಕುತ್ತಿದ್ದರು. ಮಧ್ಯಾಹ್ನದ ಮಿಶ್ರಿ ಮಾತ್ರ ಸಾವಕಾಶದ್ದು. ಬಾಯಲ್ಲಿ ಮಿಶ್ರಿ ಇದ್ದಾಗ ಯಾರು ಕರೆದರೂ ಓ ಎನ್ನಲಿಕ್ಕೆ ಆಗುವುದಿಲ್ಲ. ಅತ್ತೆಗೂ ಅದು ಗೊತ್ತು, ಗಂಡನಿಗೂ ಗೊತ್ತು. ಉಗುಳುವ ತನಕ ಯಾರೂ ಕೆಲಸ ಹೇಳುವಂತಿಲ್ಲ. ನಮ್ಮ ಹೆಂಗಸರಿಗೆ ಇದ್ದ ರಜೆ ಅದೊಂದೇ.

ನನಗೆ ಅದನ್ನು ಕಲಿಸಿದವಳು ಅಕ್ಕ. ನಾನು ಮೊದಲ ಬಾಣಂತನಕ್ಕೆ ತವರಿಗೆ ಬಂದಾಗ ದವಡೆ ಹಲ್ಲು ಒಂದೇ ಸಮನೆ ನೋಯುತ್ತಿತ್ತು. ಅವಳು ತನ್ನ ಬೆರಳಿನಿಂದಲೇ ನನ್ನ ವಸಡಿಗೆ ಮಿಶ್ರಿ ಹಚ್ಚಿದಳು. ತಲೆ ಗಿರ್ರೆಂದಿತು, ವಾಂತಿ ಬಂತು, ಆಮೇಲೆ ನೋವು ಹೋಯಿತು. "ನೋಡಿದಿಲ್ಲ, ಡಾಕ್ಟರ್ ಗೀಕ್ಟರ್ ಏನೂ ಬ್ಯಾಡ" ಎಂದು ನಕ್ಕಳು. ಆಮೇಲೆ ಉಗಾರ ಖುರ್ದದ ಶಾಲೆಯಲ್ಲಿ ಕೆಲಸ ಸಿಕ್ಕಾಗ ತಲೆನೋವಿನ ಮುಲಾಮಿನ ಖಾಲಿ ಡಬ್ಬಿಯಲ್ಲಿ ಮಿಶ್ರಿ ತುಂಬಿಕೊಂಡು ಕೈಚೀಲದಲ್ಲಿಟ್ಟುಕೊಂಡೇ ಹೋದೆ. ಪ್ರತಿ ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಲ್ಲು, ಉಗುರು ನೋಡುವ ಕೆಲಸ ನನ್ನದು. ಹಲ್ಲು ಹಳದಿಯಾಗಿದ್ದವರನ್ನು ಬೈದು ನಲ್ಲಿಗೆ ಕಳಿಸುತ್ತಿದ್ದೆ. ಮಧ್ಯಾಹ್ನದ ಬಿಡುವಿನಲ್ಲಿ ನಾನೇ ಶಾಲೆಯ ಹಿಂದೆ ಹೋಗಿ ಗೋಡೆಗೆ ಮುಖ ಮಾಡಿ ಮಿಶ್ರಿ ತಿಕ್ಕುತ್ತಿದ್ದೆ. ದೀಪದ ಬುಡಕ್ಕೆ ಕತ್ತಲೆ ಎನ್ನುವುದು ನನ್ನನ್ನು ನೋಡಿಯೇ ಹುಟ್ಟಿದ ಮಾತಿರಬೇಕು.

ಅಕ್ಕನನ್ನು ದಿಗ್ಗೇವಾಡಿಗೆ ಕೊಟ್ಟಿತ್ತು. ಹೊಳೆಯ ಹತ್ತಿರ ಎರಡೆಕರೆ ಕಬ್ಬು, ನಾಲ್ಕು ಎಮ್ಮೆ. ಭಾವನಿಗೆ ದನಗಳ ಮೇಲೆ ಪ್ರಾಣ. ಹತ್ತು ಹಳ್ಳಿಯವರು ಎತ್ತು ಕೊಳ್ಳುವಾಗ ಅವರನ್ನು ಸಂತೆಗೆ ಕರೆದೊಯ್ಯುತ್ತಿದ್ದರು. ಅವರು ಎತ್ತಿನ ಮೂಗು ಹಿಡಿದು, ತುಟಿ ಎತ್ತಿ, ಹಲ್ಲು ನೋಡಿ, ಅದರ ವಯಸ್ಸು ಎಷ್ಟು, ಎಷ್ಟು ವರ್ಷ ದುಡಿದೀತು ಎಲ್ಲ ಹೇಳುತ್ತಿದ್ದರು. ಅಕ್ಕ ಜೋರುಬಾಯಿಯವಳು. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎನ್ನುತ್ತಾರಲ್ಲ, ಹಾಗೆ. "ಎತ್ತಿನ ಬಾಯಿ ನೋಡಿದಷ್ಟು ನನ್ನ ಮಾರಿ ನೋಡಿಲ್ಲ ಈ ಮನಶ್ಯಾ" ಎಂದು ಎಲ್ಲರ ಮುಂದೆಯೇ ಭಾವನನ್ನು ಕಾಡಿಸುತ್ತಿದ್ದಳು.

ಚಿಕ್ಕಂದಿನಲ್ಲಿ ಅವಳಿಗೆ ಒಂದು ಮಳೆಗಾಲವೆಲ್ಲ ಜ್ವರ ಬಂದು ಮೊಣಕಾಲು, ಮಣಿಕಟ್ಟು ಬಾತಿದ್ದವು. ಸೊಪ್ಪು ಕಟ್ಟಿಸಿದರು, ಇಳಿಯಿತು, ಎಲ್ಲರೂ ಮರೆತರು. ಎರಡನೆಯ ಹೆರಿಗೆಯ ಮೇಲೆ ಹೊಳೆಯಿಂದ ಕೊಡ ಹೊತ್ತು ದಂಡೆ ಏರುವಷ್ಟರಲ್ಲಿ ಅವಳಿಗೆ ಏದುಸಿರು ಬರತೊಡಗಿತು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅವಳು ರಾಯಬಾಗದಲ್ಲಿ ಪ್ಯಾಸೆಂಜರ್ ರೈಲು ಹತ್ತಿದಳು, ನಾನು ಉಗಾರದಲ್ಲಿ ಅದೇ ಡಬ್ಬಿ ಹುಡುಕಿ ಹತ್ತಿದೆ, ಇಬ್ಬರೂ ಮಿರಜಿನ ದೊಡ್ಡ ಆಸ್ಪತ್ರೆಗೆ ಹೋದೆವು.

ಆವತ್ತು ನೋಡಿದ ಡಾಕ್ಟರು ಎಳೆಯ ವಯಸ್ಸಿನವನು, ಸಮುದ್ರದ ಕಡೆಯ ಎಲ್ಲಿಂದಲೋ ಬಂದವನು. ಕನ್ನಡ, ಮರಾಠಿ ಎರಡೂ ಬರುತ್ತಿರಲಿಲ್ಲ, ಹರಕು ಹಿಂದಿಯಲ್ಲಿ ಮಾತಾಡುತ್ತಿದ್ದ. ಚಿಕ್ಕಂದಿನ ಆ ಜ್ವರವೇ ಅಕ್ಕನ ಗುಂಡಿಗೆಯ ಕವಾಟವನ್ನು ಕೆಡಿಸಿದೆ ಎಂದ. ಇಪ್ಪತ್ತೊಂದು ದಿನಕ್ಕೊಂದು ಸೂಜಿ, ದಿನಾ ಗುಳಿಗೆ, ಭಾರ ಹೊರಬಾರದು ಎಂದ. ಆಮೇಲೆ ಹಲ್ಲಿನ ಮಾತು ತೆಗೆದ. ಹಲ್ಲು ಹುಳುಕಾಗಲು ಬಿಡಬೇಡಿ, ವಸಡು ಬಾತರೆ ಕೂಡಲೇ ಇಲ್ಲಿಗೆ ಬನ್ನಿ, ಹಲ್ಲು ಕೀಳಿಸುವ ಮುಂಚೆ ನಮ್ಮನ್ನು ಕೇಳಿಯೇ ಕೀಳಿಸಿ ಎಂದು ಎರಡೆರಡು ಸಲ ಹೇಳಿದ. ನಾನು ಕನ್ನಡಕ್ಕೆ ತಿರುಗಿಸಿದೆ. ಅಕ್ಕ ನನ್ನ ಕಿವಿಯಲ್ಲಿ, "ಎದಿ ತೋರಸಾಕ ಬಂದರ ಹಲ್ಲ ಕೇಳತಾನಲ್ಲ, ನಿಮ್ಮ ಭಾವನಂಗ ಇವನೂ ದನದ ಯಾಪಾರ ಮಾಡತಿದ್ದನೇನು?" ಎಂದಳು. ನನಗೆ ನಗು ತಡೆಯಲಾಗಲಿಲ್ಲ.

ಅವನು ಕೇಳಿದ, ಹಲ್ಲು ದಿನಾ ಉಜ್ಜುತ್ತಾಳೆಯೇ? "ಮೂರ ಸಲ ತಿಕ್ಕತೀನ್ರಿ" ಎಂದಳು ಅಕ್ಕ. ಡಾಕ್ಟರು ಸಂತೋಷದಿಂದ ಬರೆದುಕೊಂಡ. ತಂಬಾಕು ಇದೆಯೇ? ನಾನು ಕೇಳಿದೆ. "ಇಲ್ಲರಿ, ತಂಬಾಕು ಮುಟ್ಟೂದಿಲ್ಲ" ಎಂದಳು.

ಅವಳು ಸುಳ್ಳು ಹೇಳಲಿಲ್ಲ. ನಮ್ಮಲ್ಲಿ ತಂಬಾಕು ಎಂದರೆ ಗಂಡಸರು ಸುಣ್ಣ ಹಚ್ಚಿ ತುಟಿಯಲ್ಲಿಡುವುದು, ಇಲ್ಲವೇ ಬೀಡಿ. ಮಿಶ್ರಿ ಹಲ್ಲುಪುಡಿಯ ಲೆಕ್ಕ. ಹೊಲದಲ್ಲಿ ಬೆಳೆದಾಗ ಅದು ತಂಬಾಕು, ಅವ್ವನ ಹಂಚಿನ ಮೇಲೆ ಕಪ್ಪಾದ ಮೇಲೆ ಅದು ಹೆಂಗಸರ ಔಷಧ. ಅಕ್ಕನಿಗೆ ಅಷ್ಟೇ ಗೊತ್ತಿತ್ತು. ನನಗೆ ಗೊತ್ತಿತ್ತಲ್ಲ, ಎರಡೂ ಒಂದೇ ಎಂದು. ಹೇಳಲು ಬಾಯಿ ತೆರೆದೆ ಕೂಡ. ಆದರೆ ಹೇಳಿದರೆ ಅವನು ಮುಂದಿನ ಪ್ರಶ್ನೆ ನನ್ನನ್ನೇ ಕೇಳುತ್ತಾನೆ, ಟೀಚರ್ ಎಂದು ಆಗಲೇ ಹೇಳಿಕೊಂಡು ಜಂಬ ಪಟ್ಟಾಗಿದೆ, ಕೈಚೀಲದಲ್ಲಿ ಡಬ್ಬಿ ಇದೆ. ನಾಚಿಕೆಯಾಯಿತು. 'ಇಲ್ಲ' ಎಂಬ ಒಂದೇ ಶಬ್ದವನ್ನು ಹಿಂದಿಗೆ ತಿರುಗಿಸಿ ಸುಮ್ಮನಾದೆ. ಇಬ್ಬರೂ ಸ್ಟೇಷನ್ನಿಗೆ ಬಂದು, ರೈಲಿನ ಹೊತ್ತು ಆಗುವ ತನಕ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಕೂತು ಮಿಶ್ರಿ ತಿಕ್ಕಿದೆವು.

ಆಮೇಲಿನ ಎರಡು ಮೂರು ವರ್ಷ ರಾಯಬಾಗದ ದವಾಖಾನೆಗೆ ಸೂಜಿಯ ತಿರುಗಾಟ. ಇಪ್ಪತ್ತೊಂದು ದಿನ ಎಂಬುದು ಎಷ್ಟು ಬೇಗ ಬರುತ್ತದೆ ಎಂದು ಅದಕ್ಕೆ ಸಿಕ್ಕಿಬಿದ್ದವರಿಗೇ ಗೊತ್ತು. ಶಾಲೆ, ಮನೆ, ಸಕ್ಕರೆ ಫ್ಯಾಕ್ಟರಿಯಲ್ಲಿ ಪಾಳಿ ಮಾಡುವ ಗಂಡನ ಊಟದ ಡಬ್ಬಿ, ನಡುವೆ ಅಕ್ಕ. ಒಂದು ಹಂಗಾಮಿನಲ್ಲಿ, ಕಬ್ಬಿನ ಗಾಡಿಗಳು ಫ್ಯಾಕ್ಟರಿಯ ದಾರಿಯುದ್ದಕ್ಕೂ ನಿಂತಿದ್ದ ದಿನಗಳಲ್ಲಿ, ಅವಳ ಬಲಗಡೆಯ ಕೆನ್ನೆ ಬಾತಿದ್ದು ನೋಡಿದೆ. ಕೆಳಗಿನ ದವಡೆ ಹಲ್ಲಿನಲ್ಲಿ ತೂತು ಬಿದ್ದಿತ್ತು. ಅದರೊಳಗೆ ಅವಳು ಮಿಶ್ರಿ ಒತ್ತಿ ಒತ್ತಿ ತುಂಬಿದ್ದಳು.

"ಮಿರಜಿಗೆ ಹೋಗೂಣು ನಡಿ ಅಕ್ಕಾ" ಎಂದೆ.

"ನೂಸೂದು ನಿಂತೈತಿ. ಕಬ್ಬು ಕಡದು ಮುಗೀಲಿ, ಆಮ್ಯಾಲ ನೋಡೂಣಂತ" ಎಂದಳು.

ನಾನು ಒತ್ತಾಯ ಮಾಡಲಿಲ್ಲ. ನಿಜ ಹೇಳಬೇಕೆಂದರೆ ಒಂದು ತಿರುಗಾಟ ತಪ್ಪಿತಲ್ಲ ಎಂದು ಒಳಗೊಳಗೇ ಹಗುರಾಯಿತು. ದಣಿದವರಿಗೆ ಯಾವ ನೆಪವಾದರೂ ಸಾಕು. ಎಂಟು ದಿನಕ್ಕೆ ಬಾವು ಇಳಿಯಿತು. ನೋವು ಹೋಯಿತೆಂದರೆ ರೋಗ ಹೋಯಿತೆಂದು ಅವಳೂ ತಿಳಿದಳು, ನಾನೂ ತಿಳಿದೆ.

ಕಬ್ಬು ಮುಗಿಯಿತು, ಜ್ವರ ಸುರುವಾಯಿತು. ಸಂಜೆಯಾದರೆ ಚಳಿ, ಬೆಳಿಗ್ಗೆ ಮೈಯೆಲ್ಲ ಬೆವರು. ವಿಷಮಜ್ವರ ಇರಬೇಕು ಎಂದು ಹತ್ತಿರದ ಡಾಕ್ಟರೊಬ್ಬರು ಔಷಧ ಕೊಟ್ಟರು, ಮಲೇರಿಯಾ ಇರಬಹುದು ಎಂದು ಮತ್ತೊಬ್ಬರು ಕೊಟ್ಟರು. ಜ್ವರ ನಾಲ್ಕು ದಿನ ಬಿಡುತ್ತಿತ್ತು, ಮತ್ತೆ ಬರುತ್ತಿತ್ತು. ಊಟ ಸೇರದೆ ಅಕ್ಕ ಕಡ್ಡಿಯಾದಳು. ಒಂದು ಭಾನುವಾರ ಅವಳ ಕೈ ಹಿಡಿದುಕೊಂಡು ಕೂತಿದ್ದಾಗ, ಉಗುರಿನ ಕೆಳಗೆ ಸಣ್ಣ ಕೆಂಪು ಗೆರೆಗಳು ಕಂಡವು, ಮುಳ್ಳು ಹೊಕ್ಕು ಮುರಿದ ಹಾಗೆ. ಕಬ್ಬಿನ ಒಣಗಿದ ರವದಿ ಎಲೆಯ ಸಿಬಿರು ಇರಬೇಕೆಂದುಕೊಂಡೆ. ಎಷ್ಟು ವರ್ಷದಿಂದ ಸೋಮವಾರ ಸೋಮವಾರ ಮಕ್ಕಳ ಉಗುರು ನೋಡಿದವಳು ನಾನು, ಇದು ಮಣ್ಣಲ್ಲ, ಸಿಬಿರಲ್ಲ, ರಕ್ತ ಎಂದು ತಿಳಿಯಲಿಲ್ಲ.

ಉಸಿರು ಕಟ್ಟಿ ಮಲಗಲಾರದ ಹಾಗಾದಾಗ ಮತ್ತೆ ಮಿರಜು. ಈ ಸಲ ನೋಡಿದವರು ವಯಸ್ಸಾದ ಡಾಕ್ಟರಮ್ಮ. ಆ ಕಡೆಯ ಹಳ್ಳಿಯವರೇ, ಮರಾಠಿ ಮಾತಾಡುವವರು, ನಮ್ಮ ಕನ್ನಡವೂ ಬರುತ್ತಿತ್ತು. ಅವರು ಎದೆಗೆ ನಳಿಗೆ ಹಚ್ಚುವ ಮೊದಲು ಉಗುರು ನೋಡಿದರು. ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು. ಆಮೇಲೆ, "ಬಾಯಿ ತೆರಿ" ಎಂದರು. ಬ್ಯಾಟರಿ ಬಿಟ್ಟು ನೋಡಿ, ಮೂಗು ಹತ್ತಿರ ತಂದು, ನನ್ನ ಕಡೆ ತಿರುಗಿದರು.

"ಮಿಶ್ರಿ. ಎಷ್ಟ ವರ್ಷ ಆತು?"

"ಭಾಳ ವರ್ಷ ಆತ್ರಿ" ಎಂದೆ.

"ಈ ಹಳೇ ಕಾಗದದಾಗ ತಂಬಾಕು ಇಲ್ಲ ಅಂತ ಬರದೈತಿ. ಆವತ್ತ ಜೋಡಿ ಯಾರ ಬಂದಿದ್ರು?"

ನಾನು ಕೈಚೀಲವನ್ನು ಸೆರಗಿನ ಕೆಳಗೆ ಸರಿಸಿಕೊಂಡೆ. ಅದೇ ಅವರಿಗೆ ಉತ್ತರವಾಯಿತು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಅವರು ಕುರ್ಚಿಯಲ್ಲಿ ಒರಗಿ ಕಣ್ಣು ಒರೆಸಿಕೊಂಡು ನಿಧಾನವಾಗಿ ತಿಳಿಸಿ ಹೇಳಿದರು. ವಸಡಿನಲ್ಲಿ ಕೂದಲಿನಷ್ಟು ಸಣ್ಣ ರಕ್ತನಾಳಗಳಿರುತ್ತವೆ. ವಸಡು ಕೊಳೆತರೆ ಆ ಹೊಲಸು ಅಲ್ಲಿಂದಲೇ ರಕ್ತಕ್ಕೆ ಇಳಿಯುತ್ತದೆ. ಗಟ್ಟಿ ಗುಂಡಿಗೆ ಇದ್ದವರಲ್ಲಿ ಬಹಳಷ್ಟು ಸಲ ಅದು ಹಾಗೇ ಹಾಯ್ದುಹೋಗುತ್ತದೆ. "ಕಾಲಿವಿ ಗೇಟಿನ ಕದಾ ಸೊಟ್ಟ ಆಗಿದ್ದರ ಕಸಾ ಅಲ್ಲೇ ನಿಲ್ಲತೈತಿಲ್ಲೋ, ಹಂಗ. ಈಕಿ ಕವಾಟ ಮೊದಲ ಸೊಟ್ಟ ಆಗೇತಿ. ಹಲ್ಲಿನ ಕಸಾ ಹೋಗಿ ಅಲ್ಲಿ ಕುಂತೈತಿ. ಮಿಶ್ರಿ ಹಲ್ಲಿನ ನೋವು ಮುಚ್ಚೇತಿ, ಕೀವ ಮುಚ್ಚಿಲ್ಲ. ನೋವು ಇದ್ದಿದ್ದರ ಆವಾಗ ಬರತಿದ್ರಿ."

ಆರು ವಾರ ಸೂಜಿ ಎಂದರು. ನಾಲ್ಕು ತಾಸಿಗೊಮ್ಮೆ. ಶಾಲೆಗೆ ರಜೆ ಬರೆದು ಕಳಿಸಿ ಅಲ್ಲೇ ವರಾಂಡದಲ್ಲಿ ಚಾಪೆ ಹಾಸಿದೆ. ಕೈಯಲ್ಲಿ ಜಾಗ ಉಳಿಯದಷ್ಟು ಚುಚ್ಚಿದರು. ಹುಳುಕು ಹಲ್ಲುಗಳನ್ನು ಔಷಧದ ಆಸರೆಯಲ್ಲಿ ಕಿತ್ತರು. ಅವ್ವ ಐನಾಪುರದಿಂದ ಬಂದವಳು ರೊಟ್ಟಿಯ ಗಂಟಿನಲ್ಲಿ ಹೊಸದಾಗಿ ಹುರಿದ ಮಿಶ್ರಿಯನ್ನೂ ಕಟ್ಟಿಕೊಂಡು ಬಂದಿದ್ದಳು, ಮಗಳಿಗೆ ಹಲ್ಲು ಕಿತ್ತ ನೋವು ಇರುತ್ತದಲ್ಲ ಎಂದು. ನಾನು ಅವಳ ಮೇಲೆ ಹರಿಹಾಯ್ದೆ. ಸಿಟ್ಟು ಅವಳ ಮೇಲೆ ಅಲ್ಲವೆಂದು ನನಗೂ ಗೊತ್ತಿತ್ತು. ಮಿಶ್ರಿಯನ್ನು ಎಸೆಯಲಿಲ್ಲ, ನನ್ನ ಚೀಲಕ್ಕೆ ಹಾಕಿಕೊಂಡೆ.

ಜ್ವರ ಬಿಟ್ಟಿತು. ಅಕ್ಕ ಎದ್ದು ಕೂತು ನರ್ಸುಗಳನ್ನು ಕಾಡಿಸತೊಡಗಿದಳು. ನಾಲ್ಕನೆಯ ವಾರ ಒಂದು ಬೆಳಿಗ್ಗೆ ನಾನು ಚಹಾದ ಕಪ್ಪು ಕೊಟ್ಟೆ, ಅವಳು ಹಿಡಿದಳು, ಕಪ್ಪು ಬಿತ್ತು. ನಾನು ಬೈದೆ. ಅವಳು ತಿರುಗಿ ಬೈಯಲಿಲ್ಲ. ಬಾಯಿ ಒಂದು ಕಡೆ ಎಳೆದುಹೋಗಿತ್ತು, ಬಲಗೈ ಹಾಸಿಗೆಯ ಮೇಲೆ ಯಾರದೋ ಕೈಯ ಹಾಗೆ ಬಿದ್ದಿತ್ತು. ಕವಾಟದ ಮೇಲೆ ಕೂತಿದ್ದರಲ್ಲಿ ಒಂದು ಚೂರು ಕಿತ್ತುಕೊಂಡು ಮೆದುಳಿನ ರಕ್ತನಾಳಕ್ಕೆ ಹೋಗಿ ಸಿಕ್ಕಿಕೊಂಡಿದೆ ಎಂದರು ಡಾಕ್ಟರಮ್ಮ. ಹಲ್ಲಿನ ತೂತಿನಿಂದ ಹೊರಟದ್ದು ಗುಂಡಿಗೆ ಹಾಯ್ದು ತಲೆಗೆ ಬಂದು ನಿಂತಿತ್ತು. ಜೀವ ಉಳಿಯಿತು. ಅಷ್ಟು ಮಾತಿನ ನಮ್ಮ ಅಕ್ಕನಿಗೆ ಮಾತು ಹೋಯಿತು.

ದಿಗ್ಗೇವಾಡಿಗೆ ಕರೆದುಕೊಂಡು ಬಂದ ಮೇಲೆ ಅವಳ ಬಾಯಿಯ ಜವಾಬ್ದಾರಿಯನ್ನು ಭಾವ ತಾವೇ ತೆಗೆದುಕೊಂಡರು. ಉಳಿದ ಹಲ್ಲುಗಳನ್ನು ಸ್ವಚ್ಛ ಇಡಬೇಕು, ಮತ್ತೆ ಹಾಗಾದರೆ ಉಳಿಯುವುದಿಲ್ಲ ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು. ದಿನಾ ಬೆಳಿಗ್ಗೆ ಹಾಲು ಹಿಂಡಿದ ಕೈ ತೊಳೆದುಕೊಂಡು ಬಂದು, ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ, "ಬಾಯಿ ತೆರಿ" ಎನ್ನುತ್ತಿದ್ದರು. ಬ್ಯಾಟರಿ ಬಿಟ್ಟು ಒಂದೊಂದೇ ಹಲ್ಲು ನೋಡಿ, ಮೆತ್ತನೆಯ ಬ್ರಷ್ಷಿನಿಂದ ತಿಕ್ಕಿ, ನೀರು ಹಾಕಿ ಉಗುಳಿಸುತ್ತಿದ್ದರು. ಒಂದು ಸಲ ನನ್ನ ಮುಂದೆ, "ಊರ ದನದ ಬಾಯೆಲ್ಲಾ ನೋಡಿದೆ, ಮನ್ಯಾಗಿಂದ ನೋಡಲಿಲ್ಲ ನೋಡ" ಎಂದರು.

ಅಕ್ಕನಿಗೆ ವರ್ಷದೊಳಗೆ ನಾಲ್ಕೈದು ಮಾತು ಮರಳಿ ಬಂದವು. ನೀರು, ಬ್ಯಾಡ, ಅವ್ವಾ, ಮತ್ತೆ ದಿನಾ ಕೇಳಿ ಕೇಳಿ ಕಲಿತ 'ಬಾಯಿ ತೆರಿ'. ಆದರೆ ಮಧ್ಯಾಹ್ನ ಉಂಡ ಮೇಲೆ ಅವಳ ಎಡಗೈ ತಾನಾಗಿ ಏಳುತ್ತಿತ್ತು. ಖಾಲಿ ಬೆರಳನ್ನು ವಸಡಿನ ಮೇಲೆ ಇಟ್ಟು ಸುತ್ತ ತಿಕ್ಕುತ್ತ ಕೂರುತ್ತಿದ್ದಳು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಭಾನುವಾರಗಳಲ್ಲಿ ಅವಳನ್ನು ನೋಡಲು ಹೋದಾಗ ಆ ಹೊತ್ತಿಗೆ ಏನೋ ನೆಪ ಹೇಳಿ ಹಿತ್ತಲಿಗೆ ಹೋಗುತ್ತಿದ್ದೆ. ಹಿತ್ತಲಲ್ಲಿ ನಿಂತು ನಾನು ಮಿಶ್ರಿ ತಿಕ್ಕುತ್ತಿದ್ದೆ. ಹೌದು, ಅಷ್ಟೆಲ್ಲ ಆದ ಮೇಲೂ.

ಅಂಥ ಒಂದು ಭಾನುವಾರ ಬಾಯಿ ಮುಕ್ಕಳಿಸಿ ಒಳಗೆ ಬಂದು ಅವಳ ಪಕ್ಕ ಕೂತೆ. ಅವಳು ನನ್ನ ಬಲಗೈ ಹಿಡಿದಳು. ಪ್ರೀತಿಯಿಂದ ಎಂದುಕೊಂಡೆ. ತೋರುಬೆರಳನ್ನು ಮಾತ್ರ ಬಿಡಿಸಿ, ಉಗುರಿನ ಅಂಚಿನ ಕಪ್ಪನ್ನು ನೋಡಿ, ಮೂಗಿಗೆ ಹಿಡಿದಳು. ಆಮೇಲೆ ನನ್ನ ಮುಖ ನೋಡಿ, ತೊದಲುತ್ತ, "ಬಾಯಿ ತೆರಿ" ಎಂದಳು.

ನಾನು ನಲವತ್ತು ದಾಟಿದವಳು, ಶಾಲೆಯ ಅಕ್ಕೋರು. ಬಾಯಿ ತೆರೆದೆ. ಅವಳು ಎಡಗೈಯಿಂದ ನನ್ನ ಗದ್ದ ಹಿಡಿದು, ಬೆಳಕಿನ ಕಡೆ ತಿರುಗಿಸಿ, ಬಹಳ ಹೊತ್ತು ನೋಡಿದಳು. ಬಾಯಿ ತೆರೆದುಕೊಂಡಿರುವಾಗ ಮಾತಾಡಲು ಬರುವುದಿಲ್ಲ, ಅಳಲು ಮಾತ್ರ ಬರುತ್ತದೆ. ಅವಳು ಕೈ ಬಿಟ್ಟ ಮೇಲೆ ಎಲ್ಲ ಹೇಳಿದೆ. ಆ ಹುಡುಗ ಡಾಕ್ಟರು ಕೇಳಿದಾಗ ಮಿಶ್ರಿಯೂ ತಂಬಾಕೇ ಎಂದು ನನಗೆ ಗೊತ್ತಿತ್ತು, ನನ್ನ ಮಾನಕ್ಕೆ ಅಂಜಿ ಹೇಳಲಿಲ್ಲ, ಕೆನ್ನೆ ಬಾತಾಗ ತಿರುಗಾಟ ಬೇಸರವಾಗಿ ಸುಮ್ಮನಾದೆ ಎಂದು. ಎಷ್ಟು ತಿಳಿಯಿತೋ ಅವಳಿಗೆ. ಅವಳು ಅಂಗೈ ಚಾಚಿದಳು. ಏನು ಬೇಕೆಂದು ಕೇಳುವ ಅಗತ್ಯವಿರಲಿಲ್ಲ.

ಕೊಡಬಾರದೆಂದು ಗೊತ್ತಿತ್ತು. ಆದರೂ ಅವಳಿಗೆ ಇಲ್ಲ ಎನ್ನುವ ಮುಖ ನನಗಿರಲಿಲ್ಲ. ಕೈಚೀಲದಿಂದ ಡಬ್ಬಿ ತೆಗೆದು ಕೊಟ್ಟೆ. ಆವತ್ತೇ ಅವ್ವನ ಮನೆಯಿಂದ ಅಂಚಿನ ತನಕ ತುಂಬಿಸಿಕೊಂಡು ಬಂದಿದ್ದೆ. ಅವಳು ಅದನ್ನು ತೊಡೆಯ ನಡುವೆ ಇಟ್ಟು ಒಂದೇ ಕೈಯಲ್ಲಿ ಮುಚ್ಚಳ ತಿರುವಿ, ಕಣ್ಣು ಮುಚ್ಚಿ ವಾಸನೆ ನೋಡಿದಳು. ಮತ್ತೆ ಮುಚ್ಚಿ ತಲೆದಿಂಬಿನ ಕೆಳಗೆ ತಳ್ಳಿಕೊಂಡಳು. ನಾನು ಭಾವನಿಗೆ ಹೇಳಲಿಲ್ಲ. ತಿಕ್ಕಿಕೊಂಡರೆ ತಿಕ್ಕಿಕೊಳ್ಳಲಿ, ಇನ್ನೇನು ಉಳಿದಿದೆ ಅವಳಿಗೆ ಎಂದುಕೊಂಡೆ. ನಾನು ಇನ್ನು ಮುಟ್ಟುವುದಿಲ್ಲ ಎಂದು ಅವಳ ಮೈ ಮುಟ್ಟಿ ಆಣೆ ಮಾಡಿ ಬಂದೆ. ಆ ಆಣೆ ಹನ್ನೊಂದು ದಿನ ನಡೆಯಿತು. ಮುಂದಿನ ವರ್ಷಗಳಲ್ಲಿ ಎಷ್ಟು ಸಲ ಬಿಟ್ಟೆನೋ, ಎಷ್ಟು ಸಲ ಹಿಡಿದೆನೋ.

ಭಾವ ಬಾಯಿಯನ್ನು ಚೆನ್ನಾಗಿಯೇ ಕಾಪಾಡಿದರು, ಹಲ್ಲಿನಿಂದ ಮತ್ತೆ ಜ್ವರ ಬರಲಿಲ್ಲ. ಆದರೆ ಕೆಟ್ಟ ಕವಾಟ ಎಷ್ಟು ದಿನ ದುಡಿದೀತು? ತೊಂಬತ್ತರ ದಶಕ ಮುಗಿಯುವ ಮುಂಚೆ ಒಂದು ಬೆಳಿಗ್ಗೆ, ಭಾವ ಬ್ರಷ್ಷು ಹಿಡಿದುಕೊಂಡು ಬಂದು "ಬಾಯಿ ತೆರಿ" ಎಂದಾಗ ಅವಳು ತೆರೆಯಲಿಲ್ಲ.

ಮೂರನೆಯ ದಿನ ಹಾಸಿಗೆ ತೆಗೆಯುವಾಗ ತಲೆದಿಂಬಿನ ಕೆಳಗೆ ಆ ಮುಲಾಮಿನ ಡಬ್ಬಿ ಸಿಕ್ಕಿತು. ಭಾವ ಅದೇನೆಂದು ತಿಳಿಯದೆ ನನ್ನ ಕೈಗೆ ಕೊಟ್ಟರು. ದಿನಾ ಮಧ್ಯಾಹ್ನ ಖಾಲಿ ಬೆರಳು ತಿಕ್ಕುತ್ತ ಅವಳು ಕೂರುತ್ತಿದ್ದುದು ಆ ದಿಂಬಿನ ಪಕ್ಕದಲ್ಲೇ. ಮುಚ್ಚಳ ಜಂಗು ಹಿಡಿದಿತ್ತು, ಸೆರಗಿನಿಂದ ಹಿಡಿದು ತಿರುವಿದೆ. ಮಿಶ್ರಿ ಅಂಚಿನ ತನಕ ತುಂಬಿತ್ತು.